ಮುರಿಯದ ಮೂಳೆಯ ಕ್ಲೇಮು

ಮೂಳೆ ಮುರಿದಿಲ್ಲವೆಂಬ ಕಾರಣಕ್ಕೆ ಒಬ್ಬ ರೋಗಿಯ ಅರ್ಜಿ ತಿರಸ್ಕೃತವಾಗಿ, ಆ ಸುದ್ದಿಯನ್ನು ನಾನು ಅವರ ಮುಖಕ್ಕೇ ಹೇಳಬೇಕಾಗಿ ಬಂದದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ. ಹೇಳುವಾಗ ನನಗೆ ನಗು ಬಂತು. ಅವರಿಗೂ ಬಂತು. ನಗುವ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಚಾಮರಾಜಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಡೆಸ್ಕ್ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಇಳಿಜಾರು ಜಾಗ. ಎತ್ತರದವರು ಬಂದರೆ ತಲೆ ಬಗ್ಗಿಸಿಯೇ ನನ್ನೊಂದಿಗೆ ಮಾತಾಡಬೇಕು. ಹಾಗಾಗಿ ನನಗೆ ಸಲ್ಲಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಮರ್ಯಾದೆ ಸಿಗುತ್ತದೆ. ಆಪರೇಷನ್ ಆಗಬೇಕೆಂದು ಡಾಕ್ಟರು ಬರೆದ ಚೀಟಿ, ಎಕ್ಸ್-ರೇ, ಖರ್ಚಿನ ಅಂದಾಜು, ಇಷ್ಟನ್ನೂ ಸ್ಕ್ಯಾನ್ ಮಾಡಿ ನಾನು ವಿಮಾ ಕಂಪನಿಗೆ ಕಳಿಸುತ್ತೇನೆ. ಅವರು ಒಪ್ಪಿದರೆ ರೋಗಿಯ ಮನೆಯವರು ಕೈಯಿಂದ ದುಡ್ಡು ಹಾಕಬೇಕಿಲ್ಲ. ಒಪ್ಪುವ ಮೊದಲು ಅವರು ಪ್ರಶ್ನೆ ಕೇಳುತ್ತಾರೆ. ಅದನ್ನು ನಾವು ಕ್ವೆರಿ ಅನ್ನುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಕ್ವೆರಿಗೆ ಉತ್ತರ ಬರೆಯುವುದೇ ನನ್ನ ಉದ್ಯೋಗ.

ದಸರಾ ರಜೆ ಮುಗಿದ ಮೊದಲ ವಾರ. ಡೆಸ್ಕಿನ ಮುಂದೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದರು. ಅವರ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು.

"ಬಾಗ್ಲಲ್ಲಿ ನಿಲ್ಬೇಡಿ. ಮಧ್ಯ ಖಾಲಿ ಇದೆ, ಒಳಗ್ ಹೋಗಿ, ಒಳಗ್ ಹೋಗಿ."

ಜನ ಏಕೆಂದು ಯೋಚಿಸದೆ ಒಳಗೆ ಸರಿದರು. ಅಲ್ಲಿ ಒಳಗೆ ಎನ್ನುವಂಥ ಜಾಗವೇ ಇರಲಿಲ್ಲ, ಆದರೂ ಸರಿದರು. ನಡುವೆ ಬಿಟ್ಟ ದಾರಿಯಲ್ಲಿ ವೀಲ್‌ಚೇರಿನ ಮೇಲೆ ಕೂತ ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ತಳ್ಳುತ್ತಿದ್ದವರು ಅವರ ಯಜಮಾನರು, ತೆಳ್ಳಗಿನ ಮನುಷ್ಯ, ಒಂದು ಹೆಗಲಿಗೆ ಫ್ಲಾಸ್ಕು, ಇನ್ನೊಂದು ಹೆಗಲಿಗೆ ಎಕ್ಸ್-ರೇ ಚೀಲ.

"ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ಳು," ಎಂದು ಅವರು ನನ್ನ ಬಳಿ ಕ್ಷಮೆ ಕೇಳುವ ದನಿಯಲ್ಲಿ ಹೇಳಿದರು. "ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು. ಬಾಯಿ ಇನ್ನೂ ರಿಟೈರ್ ಆಗಿಲ್ಲ."

ಅವತ್ತಿನಿಂದ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕಂಡಕ್ಟರಮ್ಮ ಎಂದೇ ಕರೆದರು. ಕೆಲ ವರ್ಷಗಳ ಹಿಂದೆ ಅವರಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೊ ಎಲ್ಲ ಮುಗಿದು ಮಾತ್ರೆ ನುಂಗಿಕೊಂಡು ಚೆನ್ನಾಗಿಯೇ ಇದ್ದರು. ಅವರಿಬ್ಬರ ನಿವೃತ್ತಿಯ ದುಡ್ಡು ಆ ಸುತ್ತಿನಲ್ಲೇ ಕರಗಿತ್ತು. ಈಗ ಬಲತೊಡೆ ನೋಯುತ್ತಿದೆಯೆಂದು ತೋರಿಸಲು ಬಂದರೆ, ಕ್ಯಾನ್ಸರ್ ತೊಡೆಯ ಮೂಳೆಗೆ ಇಳಿದಿದೆ ಎಂದು ಗೊತ್ತಾಯಿತು. ಅದೃಷ್ಟಕ್ಕೆ ಅವರ ಮಗಳು ಬ್ಯಾಂಕಿನಲ್ಲಿದ್ದಳು. ಮಗಳ ಕಡೆಯ ಪಾಲಿಸಿಯಲ್ಲಿ ಅಪ್ಪ ಅಮ್ಮನ ಹೆಸರೂ ಇತ್ತು. ಮಗಳು ಇದ್ದದ್ದು ಬಳ್ಳಾರಿಯಲ್ಲಿ. ಹಾಗಾಗಿ ಇಲ್ಲಿ ಓಡಾಟವೆಲ್ಲ ಯಜಮಾನರದು.

ನಮ್ಮ ಮೂಳೆ ಡಾಕ್ಟರು ಬಸವನಗುಡಿಯವರು, ಸಾಧು, ಮಾತು ಕಡಿಮೆ. ಎಕ್ಸ್-ರೇಯನ್ನು ದೀಪಕ್ಕೆ ಹಿಡಿದು ಕಂಡಕ್ಟರಮ್ಮನಿಗೆ ವಿವರಿಸುವಾಗ ನಾನೂ ಅಲ್ಲಿದ್ದೆ, ಅಂದಾಜು ಪಟ್ಟಿಗೆ ಸಹಿ ಹಾಕಿಸಿಕೊಳ್ಳಬೇಕಿತ್ತು.

"ಇಲ್ಲಿ ಕಪ್ಪಗೆ ಕಾಣ್ತಿದೆಯಲ್ಲ, ಇಲ್ಲಿ ಮೂಳೆ ಇರಬೇಕಿತ್ತು. ಗೆದ್ದಲು ತಿಂದ ಬಾಗಿಲ ಚೌಕಟ್ಟು ಹೇಗಿರತ್ತೆ, ಹಾಗಾಗಿದೆ. ಹೊರಗಿನ ಬಣ್ಣ ಇದೆ, ಒಳಗೆ ಏನೂ ಇಲ್ಲ."

"ಹಂಗಾದ್ರೆ ಬಾಗ್ಲು ಜೋರಾಗಿ ಹಾಕ್ಬಾರ್ದು ಅನ್ನಿ."

"ಕಾಲು ಊರಲೇಬಾರದು. ಸ್ವಲ್ಪ ಹೊರಳಿದರೂ ಮುರಿಯತ್ತೆ. ಮುರಿಯೋಕೆ ಮುಂಚೆ ಒಳಗೆ ಒಂದು ಸ್ಟೀಲ್ ರಾಡ್ ಹಾಕಿಬಿಟ್ಟರೆ ಮೂಳೆ ನಿಲ್ಲತ್ತೆ. ಆಮೇಲೆ ರೇಡಿಯೇಷನ್ ಕೊಡಿಸೋಣ. ನಡೀತೀರಿ."

"ಕ್ಯಾನ್ಸರ್ ಹೋಗತ್ತಾ?"

"ಇಲ್ಲ," ಎಂದರು ಡಾಕ್ಟರು. "ಕ್ಯಾನ್ಸರ್ ಇರತ್ತೆ. ಕಾಲೂ ಇರತ್ತೆ."

ಕಂಡಕ್ಟರಮ್ಮ ಟಿಕೆಟ್ ಲೆಕ್ಕ ಹಾಕುವವರಂತೆ ಬೆರಳು ಮಡಿಸಿದರು. "ಕಾಲಿದ್ರೆ ಬಾತ್‌ರೂಮಿಗೆ ನಾನೇ ಹೋಗ್ತೀನಿ," ಎಂದರು. "ಹಾಕಿ ರಾಡು."

ಅವರ ಮನೆ ಆಸ್ಪತ್ರೆಯಿಂದ ನಾಲ್ಕು ಗಲ್ಲಿ ಆಚೆ, ಮೊದಲ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಕಡಿದೆಂದರೆ ಗ್ಯಾಸ್ ಸಿಲಿಂಡರ್ ಹೊರುವವನು ಅಲ್ಲಿಗೆ ಬೇರೆ ರೇಟು ಕೇಳುತ್ತಿದ್ದ. ಆ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇರಲಿಲ್ಲ. ಕೆಳಗೆ ಹೊಲಿಗೆ ಅಂಗಡಿ ಇಟ್ಟಿದ್ದ ಸಾಹೇಬರು ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿ ಮಂಚ ಹಾಕಿಸಿಕೊಟ್ಟರು. ವಿಮೆಯ ಒಪ್ಪಿಗೆ ಬರುವವರೆಗೆ ಕಂಡಕ್ಟರಮ್ಮ ಅಲ್ಲಿ, ಬುರ್ಖಾ ಮತ್ತು ಸ್ಕೂಲ್ ಯೂನಿಫಾರ್ಮುಗಳ ನಡುವೆ ಮಲಗಿರಬೇಕೆಂದು ತೀರ್ಮಾನವಾಯಿತು.

ಎರಡು ದಿನದಲ್ಲಿ ಒಪ್ಪಿಗೆ ಬರುತ್ತದೆಂದು ನಾನು ಹೇಳಿದ್ದೆ. ಬಂದದ್ದು ಕ್ವೆರಿ.

ಕ್ವೆರಿಗಳು ಇಂಗ್ಲಿಷಿನಲ್ಲಿ ಬರುತ್ತವೆ. ನಾನು ಕನ್ನಡ ಮಾಡಿ ಓದುತ್ತೇನೆ. ಮೊದಲನೆಯದು ಹೀಗಿತ್ತು: ಸಲ್ಲಿಸಿರುವ ಎಕ್ಸ್-ರೇಯಲ್ಲಿ ಮುರಿತ ಕಂಡುಬಂದಿಲ್ಲ, ದಯವಿಟ್ಟು ಮುರಿತವಿರುವ ಎಕ್ಸ್-ರೇ ಕಳುಹಿಸಿ.

ಯಜಮಾನರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದರು. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸಿರಸ್ತೇದಾರರಾಗಿ ನಿವೃತ್ತರಾದವರು. ಅವರ ಮುಖದಲ್ಲಿ ಸಿಟ್ಟು ಕಾಣುತ್ತದೆಂದು ನಾನು ಕಾದೆ. ಕಂಡದ್ದು ಮೆಚ್ಚುಗೆ.

"ಒಳ್ಳೇ ಕ್ವೆರಿ," ಎಂದರು. "ನಾನಾಗಿದ್ರೂ ಇದನ್ನೇ ಹಾಕ್ತಿದ್ದೆ."

"ರೀ," ಎಂದರು ಕಂಡಕ್ಟರಮ್ಮ ವೀಲ್‌ಚೇರಿನಿಂದ, "ನೀವು ಯಾರ ಕಡೆ?"

ಮಲಗಿರಬೇಕಾದವರು ಅಲ್ಲಿಗೇಕೆ ಬಂದರೆಂದು ಕೇಳಬಹುದು. ನಾನೂ ಕೇಳಿದ್ದೆ. ಅಂಗಡಿಯ ಹಿಂದೆ ಮಲಗಿ ಸಾಹೇಬರ ಹುಡುಗರಿಗೆ ಕಾಜಾ ಓರೆಯಾಯಿತು, ಗುಂಡಿ ಸಡಿಲವಾಯಿತು ಎಂದು ಹೇಳಿ ಹೇಳಿ, ಕೊನೆಗೆ ಸಾಹೇಬರೇ ಆಟೊ ಕರೆಸಿ, "ಆಪಾ, ಸ್ವಲ್ಪ ಹೊತ್ತು ಆಸ್ಪತ್ರೆಗೆ ಹೋಗ್ಬಂದ್ಬಿಡಿ," ಎಂದು ಕೈ ಮುಗಿದಿದ್ದರಂತೆ. ಡಾಕ್ಟರು ಬೈದರು. ಆದರೂ ಕಂಡಕ್ಟರಮ್ಮ ಮರುದಿನವೂ ಬಂದರು. ಆಟೊದಿಂದ ವೀಲ್‌ಚೇರಿಗೆ ಅವರನ್ನು ಎತ್ತಿ ಇಳಿಸುವಾಗ ಆಯಾ, ಯಜಮಾನರು, ಆಟೊದವನು ಮೂವರೂ ಉಸಿರು ಬಿಗಿಹಿಡಿಯುತ್ತಿದ್ದರು. ಅವರು ಮಾತ್ರ "ನಿಧಾನ, ನಿಧಾನ, ಬಲಗಡೆ ಬಿಡಿ" ಎಂದು ಹೇಳುತ್ತ ಇಳಿಯುತ್ತಿದ್ದರು.

ಡಾಕ್ಟರು ಕ್ವೆರಿಗೆ ಉತ್ತರ ಬರೆದುಕೊಟ್ಟರು. ಮೂಳೆ ಇನ್ನೂ ಮುರಿದಿಲ್ಲ, ಮುರಿಯದಿರಲಿ ಎಂದೇ ಈ ಆಪರೇಷನ್, ಎಂದು. ನಾನು ಕಳಿಸಿದೆ.

ಎರಡನೆಯ ಕ್ವೆರಿಯನ್ನು ಬೇರೆ ಯಾರೋ ಹಾಕಿದ್ದರು. ಅಪಘಾತ ನಡೆದ ಸ್ಥಳ ಮತ್ತು ಸಮಯ ತಿಳಿಸಿ. ಪೊಲೀಸ್ ದೂರಿನ ಪ್ರತಿ ಲಗತ್ತಿಸಿ. ಆ ಸಮಯದಲ್ಲಿ ರೋಗಿಯು ಮದ್ಯಪಾನ ಮಾಡಿರಲಿಲ್ಲವೆಂದು ವೈದ್ಯರು ದೃಢೀಕರಿಸಲಿ.

ಮೂಳೆ, ತೊಡೆ, ರಾಡು ಎಂಬ ಪದಗಳನ್ನು ಕಂಡ ಕೂಡಲೇ ಕಂಪನಿಯ ಕಂಪ್ಯೂಟರು ಅರ್ಜಿಯನ್ನು ಅಪಘಾತದ ಪೆಟ್ಟಿಗೆಗೆ ಎತ್ತಿ ಹಾಕಿತ್ತು. ಕ್ಯಾನ್ಸರ್ ಎಂಬ ಪದ ಅದಕ್ಕೆ ಕಂಡಿರಲಿಲ್ಲವೋ, ಕಂಡೂ ನಂಬಿರಲಿಲ್ಲವೋ.

"ಕುಡಿದೋರ್ನ ಬಸ್ಸಿಂದ ಇಳಿಸಿದೀನಿ ಹೊರತು ನಾನು ಕುಡಿದಿಲ್ಲ ಅಂತ ಬರೀರಿ," ಎಂದರು ಕಂಡಕ್ಟರಮ್ಮ.

ನಾನು ಡಾಕ್ಟರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. "ಅಂದರೆ, ಕ್ಯಾನ್ಸರ್ ಮೂಳೆಗೆ ಹೋಗುವಾಗ ಈಯಮ್ಮ ಕುಡಿದಿರಲಿಲ್ಲ ಅಂತ ನಾನು ಬರಕೊಡಬೇಕು."

"ಹೌದು ಸರ್. ಸೀಲೂ ಬೇಕು."

ಬರೆದರು. ಸೀಲು ಒತ್ತಿದರು. ನಾನು ಬಾಗಿಲು ದಾಟುವಾಗ ಅವರು ತಮಗೆ ತಾವೇ ಏನೋ ಹೇಳಿಕೊಂಡರು, ಸಂಸ್ಕೃತದಲ್ಲಿತ್ತು.

ಮೂರನೆಯದು ಬಂದಾಗ ಯಜಮಾನರು ಕುರ್ಚಿ ಎಳೆದುಕೊಂಡು ನನ್ನ ಪಕ್ಕವೇ ಕೂತುಬಿಟ್ಟರು. ರೋಗಿಯು ನಡೆದಾಡಬಲ್ಲರೆಂದು ದಾಖಲೆಯಲ್ಲಿದೆ. ನಡೆದಾಡಬಲ್ಲ ರೋಗಿಗೆ ಕಾಲಿನ ಶಸ್ತ್ರಚಿಕಿತ್ಸೆ ಏಕೆಂದು ಸಮರ್ಥಿಸಿ. "ಏನ್ ಬರೀತಾನೆ ನೋಡಿ," ಎಂದು ಅವರು ತಲೆದೂಗಿದರು. "ಒಂದು ವ್ಯರ್ಥ ಪದ ಇಲ್ಲ."

ಈ ನಡುವೆ ಕಂಡಕ್ಟರಮ್ಮನ ಇರುವಿಕೆಯಿಂದ ನನ್ನ ಡೆಸ್ಕಿನ ಮುಂದೆ ಕ್ರಾಂತಿಯೇ ಆಗಿತ್ತು. ಹೊಸದಾಗಿ ದಾಖಲಾಗುವವರು ಎಡಕ್ಕೆ, ಡಿಸ್ಚಾರ್ಜ್ ಆಗುವವರು ಬಲಕ್ಕೆ, ಸುಮ್ಮನೆ ವಿಚಾರಿಸಲು ಬಂದವರು ಔಷಧಿ ಅಂಗಡಿ ಪಕ್ಕಕ್ಕೆ. "ಚಿಲ್ರೆ ಮಾತು ಬೇಡ, ಕಾಗದ ಕೈಯಲ್ಲಿ ಹಿಡ್ಕೊಳಿ," ಎನ್ನುತ್ತಿದ್ದರು. ಅಕ್ಕಿಪೇಟೆಯ ವ್ಯಾಪಾರಿಯೊಬ್ಬರು ಸರತಿ ತಪ್ಪಿಸಿ ನುಗ್ಗಿದಾಗ, "ಸಾರ್, ಇದು ನಿಮ್ಮ ಸ್ಟಾಪ್ ಅಲ್ಲ," ಎಂದು ಹಿಂದಕ್ಕೆ ಕಳಿಸಿದ್ದನ್ನು ಮೇಲಿನ ಮಹಡಿಯ ನರ್ಸುಗಳೂ ಬಂದು ಕೇಳಿಸಿಕೊಂಡು ಹೋದರು. ನಮ್ಮ ಆಡಳಿತಾಧಿಕಾರಿಗಳು ದೂರದಿಂದ ನೋಡಿ, ಈಕೆ ಯಾವ ಏಜೆನ್ಸಿಯಿಂದ ಬಂದವರೆಂದು ನನ್ನನ್ನು ವಿಚಾರಿಸಿದರು.

ಆದರೆ ದಿನ ಕಳೆದಂತೆ ಒಂದು ವಿಷಯ ಗಮನಿಸುತ್ತ ಬಂದೆ. ಮಾತಾಡುತ್ತಿರುವಾಗ ನಡುವೆ ಒಮ್ಮೊಮ್ಮೆ ಅವರು ವೀಲ್‌ಚೇರಿನ ಕೈ ಹಿಡಿದು ಸುಮ್ಮನಾಗುತ್ತಿದ್ದರು. ತುಟಿ ಬಿಳಿಚಿಕೊಳ್ಳುತ್ತಿತ್ತು. ಆಮೇಲೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಿದ್ದರು.

ಆಮೇಲೆ ತಿರಸ್ಕಾರದ ಪತ್ರ ಬಂತು. ಮುನ್ನೆಚ್ಚರಿಕೆಯ ಚಿಕಿತ್ಸೆಗಳು ಈ ಪಾಲಿಸಿಯಡಿ ಬರುವುದಿಲ್ಲ. ಮುಂದೆ ಮುರಿತ ಉಂಟಾದಲ್ಲಿ ಹೊಸ ಅರ್ಜಿ ಸಲ್ಲಿಸಬಹುದು.

ನಾನು ಓದಿ ಹೇಳಿದೆ. ಆರಂಭದಲ್ಲಿ ಹೇಳಿದ ನಗು ಬಂದದ್ದು ಆಗಲೇ. ಕಂಡಕ್ಟರಮ್ಮ ನನ್ನ ತಲೆಯ ಮೇಲಿನ ಮಹಡಿ ಮೆಟ್ಟಿಲನ್ನು ಕೆಳಗಿನಿಂದ ತುದಿಯವರೆಗೆ ನಿಧಾನವಾಗಿ ನೋಡಿದರು.

"ಮೂರ್ನೇ ಮೆಟ್ಲಿಂದ ಬಿದ್ರೆ ಸಾಕಾ, ತುದಿಯಿಂದ್ಲೇ ಬೀಳ್ಬೇಕಾ, ಕೇಳಿ ಅವರ್ನ. ಆಮೇಲೆ ಇಷ್ಟು ಎತ್ತರ ಸಾಲ್ದು ಅಂತ ಇನ್ನೊಂದು ಕ್ವೆರಿ ಬರೋದ್ ಬೇಡ."

ಸರತಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗುತ್ತಲೇ ಯಜಮಾನರ ಕಡೆ ತಿರುಗಿದೆ. ಅವರು ಎದ್ದು ಬಂದು ವೀಲ್‌ಚೇರಿನ ಹಿಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಿದ್ದರು. ಹೆಂಡತಿ ನಿಜವಾಗಿಯೂ ಎದ್ದು ಮೆಟ್ಟಿಲು ಹತ್ತಿಬಿಟ್ಟಾಳೆಂದು ಹೆದರಿದವರ ಹಾಗೆ. ಕಣ್ಣು ಕೆಂಪಾಗಿತ್ತು.

ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಆದ್ದರಿಂದ ಕೆಲಸದ ಮಾತೇ ಎತ್ತಿದೆ. "ನಿಮ್ಮ ಕಚೇರೀಲಿ ಹೀಗೆ ಸಿಕ್ಕಿಹಾಕ್ಕೊಂಡ ಫೈಲು ಯಾವಾಗ ಹೊರಗೆ ಬರ್ತಿತ್ತು ಸರ್?"

ಅವರು ಟೀಗೆ ಊದುತ್ತ ಯೋಚಿಸಿದರು. "ನ್ಯಾಯ ಇದೆ ಅಂತ ಯಾವ ಫೈಲೂ ಬರ್ಲಿಲ್ಲಮ್ಮ. ಸಹಿ ಹಾಕೋನಿಗೆ ಭಯ ಇರತ್ತೆ. ನಾಳೆ ಮೇಲಿನೋರು ಯಾಕೆ ಹಾಕ್ದೆ ಅಂತ ಕೇಳ್ತಾರೆ ಅಂತ. ನಾವು ಕ್ವೆರಿ ಹಾಕ್ತಿದ್ದಿದ್ದೂ ಅದಕ್ಕೇ. ಯಾಕೆ ಸಹಿ ಹಾಕ್ಲಿಲ್ಲ ಅಂತ ಕೇಳ್ತಾರೆ ಅನ್ನೋ ಭಯ ಅದಕ್ಕಿಂತ ದೊಡ್ಡದಾದ ದಿನ, ಸಹಿ ತಾನಾಗೇ ಬೀಳ್ತಿತ್ತು."

ಆ ಮಾತು ಹೇಳಿ ಅವರು ಟೀ ಮುಗಿಸಿದರು. ನಾನು ಗ್ಲಾಸು ಅಲ್ಲೇ ಬಿಟ್ಟು ಎದ್ದೆ.

ಅಲ್ಲಿಯವರೆಗೆ ನಾವು ಕಳಿಸಿದ್ದು ರಾಡು ಹಾಕುವ ಖರ್ಚಿನ ಅಂದಾಜು ಒಂದನ್ನೇ. ಹಾಕದಿದ್ದರೆ ಏನು ಖರ್ಚಾಗುತ್ತದೆಂದು ಯಾರೂ ಬರೆದಿರಲಿಲ್ಲ. ಮೂಳೆ ಮುರಿದೇಬಿಟ್ಟರೆ ತುರ್ತಾಗಿ ಸೇರಿಸಬೇಕು, ಮೂಳೆಯ ಆ ಭಾಗವನ್ನೇ ತೆಗೆದು ಕೃತಕ ಕೀಲು ಕೂರಿಸಬೇಕಾಗಬಹುದು, ರಕ್ತ ಕೊಡಬೇಕು, ಐಸಿಯು, ತಿಂಗಳುಗಟ್ಟಲೆ ಹಾಸಿಗೆ, ಅದರಿಂದ ಶ್ವಾಸಕೋಶದ ಸೋಂಕು, ಮತ್ತೆ ದಾಖಲು. ಅಷ್ಟೂ ಪಾಲಿಸಿಯಡಿ ಬರುತ್ತದೆ. ಒಂದನ್ನೂ ಕಂಪನಿ ತಳ್ಳಿಹಾಕುವಂತಿಲ್ಲ. ಎರಡು ಅಂದಾಜನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲಿ ಯಾವುದನ್ನು ಕೊಡುತ್ತೀರಿ, ಲಿಖಿತವಾಗಿ ತಿಳಿಸಿ, ಎಂದು ಕೇಳಬೇಕೆಂದು ನಿರ್ಧರಿಸಿದೆ. ಇಷ್ಟು ದಿನ ಅವರು ಕ್ವೆರಿ ಹಾಕಿದ್ದರು. ಈಗ ನಾನು ಒಂದು ಹಾಕುತ್ತೇನೆ.

ಡಾಕ್ಟರು ಒಪ್ಪಲಿಲ್ಲ. "ಆಗದೇ ಇರೋ ಮುರಿತಕ್ಕೆ ಎಸ್ಟಿಮೇಟ್ ಬರೆಯೋಕೆ ನಾನೇನು ಜ್ಯೋತಿಷ್ಯ ಹೇಳ್ತೀನಾ?"

"ಸರ್, ಮುರಿಯತ್ತೆ ಅಂತ ಆಗಲೇ ಬರೆದಿದೀರಲ್ಲ. ಈಗ ಅದರ ಖರ್ಚು ಬರೀರಿ ಅಷ್ಟೇ."

"ಯಾವತ್ತು ಮುರಿಯತ್ತೆ, ಎಲ್ಲಿ ಮುರಿಯತ್ತೆ, ನನಗೆ ಹೇಗೆ ಗೊತ್ತು?"

"ಅಪಘಾತದ ಸ್ಥಳ, ಸಮಯ ಖಾಲಿ ಬಿಡೋಣ ಸರ್."

ಅವರು ನನ್ನನ್ನೇ ನೋಡಿದರು. ಆಮೇಲೆ ಲೆಟರ್‌ಹೆಡ್ ಎಳೆದುಕೊಂಡರು. ಬರೆಯಲು ಶುರು ಮಾಡಿದ ಮೇಲೆ ಅವರಿಗೇ ಹುರುಪು ಬಂದಂತಿತ್ತು. ಫಿಸಿಯೋಥೆರಪಿ, ನೀರಿನ ಹಾಸಿಗೆ, ಮನೆಗೆ ಬರುವ ನರ್ಸು, ಯಾವುದನ್ನೂ ಬಿಡಲಿಲ್ಲ. ಕೂಡಿಸಿ ನೋಡಿದರೆ ಮುರಿದ ಮೂಳೆ ಮುರಿಯದ ಮೂಳೆಯ ಮೂರು ಪಟ್ಟಾಗಿತ್ತು.

ಅದನ್ನು ಕಳಿಸಿದ ಮೇಲೆ ಇನ್ನೊಂದು ಕೆಲಸವನ್ನೂ ಮಾಡಿದೆ. ಡೆಸ್ಕಿನವರು ಕಂಪನಿಯ ಡಾಕ್ಟರಿಗೆ ಫೋನ್ ಮಾಡಬಾರದೆಂದು ಎಲ್ಲೂ ಬರೆದಿಲ್ಲ. ಆದರೆ ಯಾರೂ ಮಾಡುವುದಿಲ್ಲ. ನಾನು ಮಾಡಿದೆ. ಕೊಳಲು ನುಡಿಸುವ ಯಂತ್ರ ನನ್ನನ್ನು ಹಿಡಿದಿಟ್ಟಿತು, ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೆ ಕೊಳಲಿಗೇ ಕೊಟ್ಟರು. ಕೊನೆಗೆ ಒಬ್ಬ ಯುವಕ, ದಣಿದ ದನಿ, ಕನ್ನಡದಲ್ಲೇ ಮಾತಾಡಿದ. ಫೈಲು ಅವನ ಮುಂದಿತ್ತು.

"ಮೇಡಮ್, ಎರಡು ಎಸ್ಟಿಮೇಟ್ ಬಂದಿದೆ. ಯಾವ್ದು ಸರಿ?"

"ಎರಡೂ ಸರಿ. ನೀವು ಯಾವುದು ಕೊಡ್ತೀರ ಹೇಳಿ."

ಅವನು ದನಿ ತಗ್ಗಿಸಿದ. "ಮೂಳೆ ವಿಷಯ ನನಗೆ ಅಷ್ಟಾಗಿ ಗೊತ್ತಾಗಲ್ಲ. ನಾನು ಬೇಸಿಕಲಿ ಡೆಂಟಿಸ್ಟು."

ಪಕ್ಕದಲ್ಲಿದ್ದ ಕಂಡಕ್ಟರಮ್ಮ ಕೈ ಚಾಚಿ ಫೋನ್ ತೆಗೆದುಕೊಂಡರು. ಅವರ ಕೈಯಿಂದ ಏನನ್ನಾದರೂ ವಾಪಸ್ ಪಡೆಯುವುದು ನನ್ನಿಂದಾಗುವ ಕೆಲಸವಲ್ಲ. ಸ್ಪೀಕರ್ ಒತ್ತಿದೆ.

"ನಮಸ್ಕಾರ ಡಾಕ್ಟ್ರೇ. ಆ ಕಾಲು ನಂದೇ."

ಆ ಕಡೆಯವನು ಗಾಬರಿಯಾದನೆಂದು ತೋರುತ್ತದೆ. ಕಂಪನಿಯವರು ರೋಗಿಯ ದನಿ ಕೇಳುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಅವನು ತಡವರಿಸಿ, ಏನಾದರೂ ಕೇಳಬೇಕಲ್ಲ ಎಂದು ಕೇಳಿದ ಹಾಗೆ ಕೇಳಿದ.

"ನೋವಿದೆಯಾಮ್ಮ?"

ಅಷ್ಟೂ ಕ್ವೆರಿಗಳಲ್ಲಿ ಇದೊಂದು ಇರಲಿಲ್ಲ. ಕಂಡಕ್ಟರಮ್ಮ ಬಾಯಿ ತೆರೆದವರು ಹಾಗೇ ಉಳಿದುಬಿಟ್ಟರು. ಪ್ರಶ್ನೆಯೊಂದಕ್ಕೆ ಅವರ ಉತ್ತರ ತಡವಾದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದೆ ಕಣಪ್ಪ," ಎಂದರು. "ಕಾಲು ನೆಲಕ್ಕೆ ತಾಗಿದ್ರೆ ಸಾಕು. ಒಳಗೆ ಏನೋ ಕಿರ್ ಅನ್ನತ್ತೆ, ಹಳೇ ಬಸ್ಸಿನ ಸೀಟ್ ಥರ. ರಾತ್ರಿ ಮಗ್ಗುಲು ಬದಲಾಯಿಸೋಕೆ ಭಯ. ಇವರಿಗೆ ಹೇಳಿಲ್ಲ ನಾನು." ಇವರು ಎಂದರೆ ಯಜಮಾನರು, ಅಲ್ಲೇ ನಿಂತಿದ್ದರು.

ಫೋನಿನಲ್ಲಿ ಕೀಬೋರ್ಡಿನ ಸದ್ದು ನಿಂತಿತು.

"ಅಂದ್ರೆ, ಮೇಡಮ್," ಎಂದ ಅವನು ನನಗೆ, ನಿಧಾನವಾಗಿ, "ರೂಟ್ ಕೆನಾಲ್ ಆದ ಹಲ್ಲು ಒಳಗೆ ಟೊಳ್ಳಾಗಿರತ್ತೆ. ಅಗಿದ್ರೆ ಮುರಿಯತ್ತೆ. ಅದಕ್ಕೇ ಮುರಿಯೋ ಮೊದ್ಲೇ ಕ್ಯಾಪ್ ಹಾಕ್ತೀವಿ. ಹಾಗಾ ಇದು?"

"ಹಾಗೇ ಸರ್. ಹಾಗೇ."

"ಕ್ಯಾಪ್ ಹಾಕೋದು ಮುನ್ನೆಚ್ಚರಿಕೆ ಅಲ್ಲ. ಅದೇ ಟ್ರೀಟ್ಮೆಂಟು," ಎಂದು ಅವನು ತನಗೇ ಹೇಳಿಕೊಂಡ. ಆಮೇಲೆ ನೆನಪಾದವನಂತೆ, "ಡೆಂಟಲ್ ನಮ್ಮ ಪಾಲಿಸೀಲಿ ಬರಲ್ಲ. ಅದನ್ನ ಲೆಟರಲ್ಲಿ ಬರೀಬೇಡಿ. ನಾನು ನೋಡ್ತೀನಿ."

ಮರುದಿನ ಸಂಜೆ ಒಪ್ಪಿಗೆ ಬಂತು. ಕಂಡಕ್ಟರಮ್ಮನನ್ನು ಆಗಲೇ ದಾಖಲು ಮಾಡಿಕೊಂಡಿದ್ದೆವು, ಬೆಳಗ್ಗೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ನಾನು ಪತ್ರದ ಪ್ರಿಂಟ್ ಹಿಡಿದು ವಾರ್ಡಿಗೆ ಹೋಗಿ, ಸಭೆಯಲ್ಲಿ ಓದುವವರಂತೆ ಗಟ್ಟಿಯಾಗಿ ಓದಿದೆ. ರೋಗಿಯ ಹೆಸರು, ವಯಸ್ಸು, ಮೊತ್ತ, ಎಡ ತೊಡೆಯ ಮೂಳೆಗೆ ರಾಡ್ ಅಳವಡಿಕೆ. ಎಡ ಎಂಬ ಪದ ನನ್ನ ಬಾಯಿಂದಲೇ ಹೊರಬಿದ್ದದ್ದನ್ನು ಕೇಳಿ ನಿಲ್ಲಿಸಿದೆ.

ಕಂಡಕ್ಟರಮ್ಮ ಹೊದಿಕೆಯೊಳಗಿನ ತಮ್ಮ ಎರಡೂ ಕಾಲನ್ನು ನೋಡಿಕೊಂಡರು.

"ಎಡಗಾಲು ಚೆನ್ನಾಗಿದೆ," ಎಂದರು. "ಆದ್ರೂ ಅವರು ಅಷ್ಟು ಪ್ರೀತಿಯಿಂದ ಕೊಟ್ಟಿದಾರೆ."

ಯಜಮಾನರು ಪತ್ರವನ್ನು ಕೈಗೆ ತೆಗೆದುಕೊಂಡು ಓದಿದರು. ಈ ಸಲ ಅವರು ಯಾರನ್ನೂ ಮೆಚ್ಚಲಿಲ್ಲ.

ಮರುದಿನ ಶುಕ್ರವಾರ. ಬೆಳಗ್ಗೆ ನಾನು ಮಲ್ಲೇಶ್ವರದಿಂದ ಮೊದಲ ಬಸ್ಸು ಹಿಡಿದು, ಮಾರ್ಕೆಟ್ಟಿನಲ್ಲಿ ಇಳಿದು, ಹೂವಿನ ಬುಟ್ಟಿಗಳ ಮಧ್ಯೆ ಓಡುವಂತೆ ನಡೆದು ಡೆಸ್ಕಿಗೆ ಬಂದೆ. ಎಡವನ್ನು ಬಲ ಮಾಡುವುದು ಸಣ್ಣ ಕೆಲಸವೆಂದುಕೊಂಡಿದ್ದೆ. ಹೊಸ ಕಾಲೆಂದರೆ ಹೊಸ ಅರ್ಜಿ ಎಂದಿತು ಕಂಪ್ಯೂಟರು. ಹೊಸ ಅರ್ಜಿ ಹಾಕಿದರೆ, ಇದೇ ರೋಗಿಗೆ ಇದೇ ಆಪರೇಷನ್ ಈಗಾಗಲೇ ಮಂಜೂರಾಗಿದೆ ಎಂದಿತು. ಮತ್ತೆ ಕೊಳಲಿಗೆ ಫೋನ್ ಮಾಡಿದೆ. ದಂತವೈದ್ಯ ಸಿಕ್ಕ. ವಿಷಯ ಹೇಳಿದೊಡನೆ ಅವನು ಕ್ಷಮಿಸಿ ಎಂದೂ ಅನ್ನಲಿಲ್ಲ. "ಅಯ್ಯೋ, ನಾವು ಎದುರಿಗೆ ಕೂತು ಹಲ್ಲು ನೋಡ್ತೀವಲ್ಲ, ನಮಗೆ ಎಡ ಬಲ ಯಾವಾಗ್ಲೂ ಉಲ್ಟಾ," ಎಂದ. ಫೋನ್ ಇಡದೆ ತಾನೇ ಎದ್ದು ಯಾರದೋ ಮೇಜಿಗೆ ಹೋಗಿ ತಿದ್ದಿಸಿದ. ಚಪ್ಪಲಿ ಸದ್ದು ನನಗೆ ಕೇಳಿಸುತ್ತಿತ್ತು.

ತಿದ್ದಿದ ಪತ್ರ ಬಂದಾಗ ಹನ್ನೊಂದು ದಾಟಿತ್ತು. ಓಡಿಹೋಗಿ ಡಾಕ್ಟರಿಗೆ ಕೊಟ್ಟೆ. ಅವರು ಗಡಿಯಾರ ನೋಡಿ, ಕಿಟಕಿಯ ಕಡೆ ನೋಡಿ, "ಹನ್ನೆರಡಾಗಲಿ," ಎಂದರು. ಆಮೇಲೆ ಗೊತ್ತಾಯಿತು, ಶುಕ್ರವಾರ ಹನ್ನೆರಡರವರೆಗೆ ರಾಹುಕಾಲ.

ಸ್ಟ್ರೆಚರಿನ ಮೇಲಿದ್ದ ಕಂಡಕ್ಟರಮ್ಮನಿಗೂ ಗೊತ್ತಾಯಿತು. ಅವರ ಮನೆಯಲ್ಲಿ ಬುದ್ಧನ ಪಟ ಇತ್ತು, ಪಂಚಾಂಗ ಇರಲಿಲ್ಲ. "ನಮ್ಮ ಬಸ್ಸು ರಾಹುಕಾಲದಲ್ಲೂ ಹೋಗ್ತಿತ್ತು ಡಾಕ್ಟ್ರೇ," ಎಂದರು.

"ಸಿಗ್ನಲ್ ಬಿದ್ದಾಗ ನಿಲ್ತಿತ್ತಲ್ಲ," ಎಂದರು ಡಾಕ್ಟರು. ಅವರು ತಮಾಷೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆಪರೇಷನ್ ಮುಗಿಸಿ ಹೊರಗೆ ಬಂದು ಅವರು ಮುಖಗವಸು ಕೆಳಗೆಳೆದು, ಯಜಮಾನರ ಭುಜದ ಮೇಲೆ ಕೈಯಿಟ್ಟರು. "ಮುರಿಯೋಕೆ ಇನ್ನು ಕೆಲವೇ ದಿನ ಇತ್ತು ಅಷ್ಟೇ. ಬೆರಳಿಗೆ ಸಿಕ್ಕಿದ್ದು ಮೂಳೆ ಅಲ್ಲ, ನೆನೆದ ಹಪ್ಪಳ. ಈಗ ರಾಡ್ ಹೊತ್ಕೊಂಡಿದೆ." ಯಜಮಾನರು ಕುರ್ಚಿಯಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತೆಗೆದರು. ಕುಡಿಯಲು ಏನೂ ಇರಲಿಲ್ಲ. ಮತ್ತೆ ಮುಚ್ಚಿದರು.

ಎಲ್ಲವೂ ಸಲೀಸಾಗಿ ಮುಗಿಯಿತೆಂದಲ್ಲ. ಮೂಳೆ ಇನ್ನಷ್ಟು ಸವೆಯದಂತೆ ಹಾಕುವ ಇಂಜೆಕ್ಷನ್ನನ್ನು ಕಂಪನಿ ಟಾನಿಕ್ ಎಂದು ಬಿಲ್ಲಿನಿಂದ ತೆಗೆದುಹಾಕಿತು. ನಾನು ಬರೆದೆ, ಅವರು ಬರೆದರು, ನಾನು ಮತ್ತೆ ಬರೆದೆ. ಕೊನೆಗೆ ಮೊದಲ ಇಂಜೆಕ್ಷನ್ನಿಗೆ ಮಗಳು ಕೈಯಿಂದ ದುಡ್ಡು ಹಾಕಿದಳು, ಮುಂದಿನವಕ್ಕೆ ನಮ್ಮ ಟ್ರಸ್ಟಿನಿಂದ ಅರ್ಧ ಕೊಡಿಸಲಾಯಿತು. ಆ ಜಗಳದಲ್ಲಿ ನಾನು ಗೆಲ್ಲಲಿಲ್ಲ.

ಆಪರೇಷನ್ ಆದ ಮರುದಿನವೇ ಅವರನ್ನು ವಾಕರ್ ಕೊಟ್ಟು ನಿಲ್ಲಿಸಿದರು. ರೇಡಿಯೇಷನ್ ಆಯಿತು. ಸಂಕ್ರಾಂತಿ ಆದ ಮೇಲಿನ ಭಾನುವಾರ ಯಜಮಾನರು ಫೋನ್ ಮಾಡಿ ಊಟಕ್ಕೆ ಕರೆದರು. ಹೋದೆ. ಕೆಳಗೆ ಹೊಲಿಗೆ ಅಂಗಡಿಯ ಸಾಹೇಬರು ನನ್ನನ್ನು ನೋಡಿ, "ಮೇಲೇ ಇದಾರೆ, ಹೋಗಿ," ಎಂದರು. ಅವರ ದನಿಯಲ್ಲಿದ್ದ ನೆಮ್ಮದಿ ಎಷ್ಟು ಅವರದು, ಎಷ್ಟು ಕಾಜಾ ಹೊಲಿಯುವ ಹುಡುಗರದು ಎಂದು ಹೇಳುವುದು ಕಷ್ಟ. ಆ ಕಡಿದಾದ ಮೆಟ್ಟಿಲು ಹತ್ತುವಷ್ಟರಲ್ಲಿ ನನಗೇ ಮೊಣಕಾಲು ಹಿಡಿಯಿತು.

ಮುದ್ದೆ, ಅವರೆಕಾಳಿನ ಸಾರು. ಕಂಡಕ್ಟರಮ್ಮ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈಯಲ್ಲಿ ಬಡಿಸಿದರು. ಬೇಡ ಎಂದರೆ ಕೇಳುವವರಲ್ಲ. ತಿನ್ನುವಾಗ, ಹೊಸ ಸ್ಕ್ಯಾನಿನಲ್ಲಿ ಬೆನ್ನುಮೂಳೆಯಲ್ಲೂ ಒಂದು ಕಡೆ ಕಪ್ಪು ಕಂಡಿದೆ ಎಂದು ಯಜಮಾನರು ನನಗೆ ತಗ್ಗಿದ ದನಿಯಲ್ಲಿ ಹೇಳಿದರು. ಸೋಮವಾರ ಕಾಗದ ತರುತ್ತೇನೆ ಎಂದರು. ನಾನು ತನ್ನಿ ಎಂದೆ. ಅಡುಗೆಮನೆಯಿಂದ ಕಂಡಕ್ಟರಮ್ಮ, "ಅವರಿಗೆ ಊಟ ಮಾಡೋಕೆ ಬಿಡಿ," ಎಂದರು.

ಹೊರಟಾಗ ಅವರೂ ಬಾಗಿಲಿಗೆ ಬಂದರು, ಬಾಗಿಲಿನಿಂದ ಮೆಟ್ಟಿಲಿಗೆ ಬಂದರು. ನಾನು ಬೇಡಿಕೊಂಡೆ, ಯಜಮಾನರು ಗದರಿದರು. ಅವರು ಗೋಡೆಗೆ ಒಂದು ಕೈ ಕೊಟ್ಟು, ಇಳಿಯುವಾಗ ಕೆಟ್ಟ ಕಾಲು ಮೊದಲು, ಒಳ್ಳೆಯ ಕಾಲು ಆಮೇಲೆ ಎಂದು ಫಿಸಿಯೋದವಳು ಹೇಳಿಕೊಟ್ಟದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತ, ಒಂದೊಂದೇ ಮೆಟ್ಟಿಲಿಳಿದು, ನನ್ನನ್ನು ಬೀದಿಯವರೆಗೆ ಬಿಟ್ಟರು. ಬಿಸಿಲಿತ್ತು. ಸಾಹೇಬರು ಹೊಲಿಗೆ ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ಕಂಡಕ್ಟರಮ್ಮ ಬೀದಿಯ ಆ ಕೊನೆ ಈ ಕೊನೆ ನೋಡಿ, ಬಹಳ ದಿನದ ಮೇಲೆ ಊರಿಗೆ ಬಂದವರಂತೆ ಉಸಿರೆಳೆದುಕೊಂಡರು.

ಯಜಮಾನರಿಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. "ಸಾಕು ನಡಿ, ಮೇಲೆ ಹೋಗೋಣ," ಎಂದರು.

"ಹೋಗೋಣ ಇರ್ರೀ," ಎಂದರು ಅವರು, ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತ. "ಮೇಲೆ ಹೋಗೋಕೆ ಏನವಸರ."